ಪಠ್ಯ ಬದಲಾದ ಜೂನ್‌ನಲ್ಲಿ ಕನ್ನಡ ಪಾಠ ಎಲ್ಲಿಂದ ಶುರು ಮಾಡೋದು?

ಪಠ್ಯ ಪರಿಷ್ಕರಣೆ ಅಂದ ಕೂಡಲೇ ಟಿವಿಯಲ್ಲಿ ಎಡ-ಬಲದ ಜಗಳ ಹತ್ತಿಕೊಳ್ಳುತ್ತದೆ. ನಾನು ಮಂಡ್ಯ ಜಿಲ್ಲೆಯ ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಮೇಡಂ. ನಮ್ಮಲ್ಲಿ ಮಕ್ಕಳು ಕೇಳುವುದು ಒಂದೇ: "ಮಿಸ್, ಇದು ಪರೀಕ್ಷೆಗೆ ಬರುತ್ತಾ, ಇಲ್ವಾ?"

2022ರಲ್ಲಿ ಹತ್ತನೇ ತರಗತಿಯ ಕನ್ನಡ ಪುಸ್ತಕಕ್ಕೆ ಆರ್‌ಎಸ್‌ಎಸ್ ಸ್ಥಾಪಕ ಹೆಡ್ಗೇವಾರ್ ಬರಹ ಸೇರಿತು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ಕೈಬಿಡಲು ತೀರ್ಮಾನಿಸಿತು. ಅಷ್ಟೊತ್ತಿಗೆ ಶಾಲೆ ಶುರುವಾಗಿತ್ತು. ಹೊಸ ಪುಸ್ತಕ ಅಚ್ಚು ಹಾಕಿಸುವ ಬದಲು ಪೂರಕ ಪುಸ್ತಕ ಕೊಡುವುದು ಅಂತಾಯಿತು. ಯಾವ ಪಾಠ ಇರಬೇಕು ಅನ್ನೋದರ ಬಗ್ಗೆ ನನಗೂ ಅಭಿಪ್ರಾಯವಿದೆ, ಅದು ಇಲ್ಲಿ ಬೇಡ. ಸಿಟ್ಟು ಬರೋದು ಹೊತ್ತಲ್ಲದ ಹೊತ್ತಿನಲ್ಲಿ ಬದಲಾಯಿಸುವುದಕ್ಕೆ.

ಹೊಸ ಪಾಠ ಮೊದಲ ವರ್ಷ ಕೈಗೆ ಹತ್ತುವುದಿಲ್ಲ. ಮಕ್ಕಳು ಎಲ್ಲಿ ನಗ್ತಾರೆ, ಯಾವ ಸಾಲಿನಲ್ಲಿ ತಡವರಿಸ್ತಾರೆ ಅನ್ನೋದು ಪಾಠ ಮಾಡ್ತಾ ಮಾಡ್ತಾನೇ ಗೊತ್ತಾಗಬೇಕು. ಅದು ಗೊತ್ತಾಗುವ ಹೊತ್ತಿಗೆ ಪಾಠವೇ ಇರುವುದಿಲ್ಲ. ಗಮಕದ, ಅಂದರೆ ಕಾವ್ಯವನ್ನು ರಾಗವಾಗಿ ಓದುವುದರ ಹುಚ್ಚಿರುವ ನಮ್ಮ ಹಿರಿಯ ಮೇಷ್ಟ್ರೊಬ್ಬರು ಒಂದು ಪದ್ಯ ಹೋದಾಗ, "ರಾಗ ಕೂರಿಸಿಟ್ಟಿದ್ದೆನಲ್ಲಮ್ಮಾ!" ಅಂತ ಇಡೀ ದಿನ ಗೊಣಗಿದರು.

ಈಗ ನಾನು ಜೂನ್‌ನಲ್ಲಿ ಪಾಠದ ಪಟ್ಟಿ ಗಟ್ಟಿಯಾಗುವ ತನಕ ಕಾಯುವುದಿಲ್ಲ. ಯಾವ ಸಮಿತಿ ಬಂದರೂ ಅಲುಗದ ಭಾಗದಿಂದ ಶುರು ಮಾಡ್ತೀನಿ. ಪತ್ರಲೇಖನ, ಪ್ರಬಂಧ, ಸಂಧಿ-ಸಮಾಸ, ಛಂದಸ್ಸು. ಯಾರ ಪದ್ಯವಾದರೂ ಭಾಮಿನಿ ಷಟ್ಪದಿಯ ಗಣ 3, 4, 3, 4 ಮಾತ್ರೆ ಅಂತಲೇ ಸಾಗಬೇಕು ತಾನೇ? ಅಪರಿಚಿತ ಗದ್ಯಕ್ಕೆ 'ಆಂದೋಲನ' ಪೇಪರ್ ಸಾಕು. ಕೆಆರ್‌ಎಸ್ ನೀರಿನ ಮಟ್ಟದ ಸುದ್ದಿ ಓದಿಸಿ ಐದು ಪ್ರಶ್ನೆ ಕೇಳಿದರೆ, ಓದಲು ಹಿಂಜರಿಯುವ ಹುಡುಗರೂ ಮುಂದೆ ಬರ್ತಾರೆ. ಡ್ಯಾಂ ತುಂಬಿದರೆ 124.80 ಅಡಿ ಅಂತ ಗದ್ದೆ ಇರುವ ಮನೆಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ.

ಆದರೆ ಇದರಿಂದ ಎಲ್ಲ ಸರಿಹೋಗಲ್ಲ. ಹೊಸ ಪದ್ಯದ ಹಿನ್ನೆಲೆ, ಕವಿಯ ಕಾಲ, ಕಷ್ಟದ ಪದಗಳ ಅರ್ಥ ಇವನ್ನೆಲ್ಲ ರಾತ್ರಿ ಕೂತು ಹುಡುಕಬೇಕು. ಪಾಠ ಬದಲಾಯಿಸುವವರು ಮಾರ್ಚ್‌ನೊಳಗೆ ಹೇಳಿಬಿಟ್ಟರೆ ಬೇಸಿಗೆ ರಜೆಯಲ್ಲಿ ನಾವೇ ಓದಿಕೊಳ್ತೀವಿ. ತರಬೇತಿ ಆಮೇಲೆ ಕೊಡಲಿ ಬಿಡಿ.