ರಾಜಕಾಲುವೆ ಮಟ್ಟಮಾಪಕ, ನಾಲ್ಕನೇ ತಿಂಗಳು: ನೊರೆಯ ಕಾಟ

ಬೆಂಗಳೂರಿನ ನಮ್ಮ ರಾಜಕಾಲುವೆಯ, ಅಂದರೆ ಮಳೆನೀರು ಹರಿಯುವ ದೊಡ್ಡ ಚರಂಡಿಯ, ನೀರಿನ ಮಟ್ಟ ಅಳೆಯಲು ಯಂತ್ರವೊಂದನ್ನು ಇಟ್ಟಿದ್ದೇನೆ. ಕಳೆದ ತಿಂಗಳು ರಾತ್ರಿ ಒಂದೂಕಾಲಕ್ಕೆ ಅದು ಏಳು ಜನರ ಮೊಬೈಲಿಗೆ ‘ಕಾಲುವೆ ತುಂಬಿದೆ’ ಎಂದು ಸಂದೇಶ ಕಳಿಸಿತು. ಆಕಾಶದ ತುಂಬ ಚುಕ್ಕಿಗಳು. ಟಾರ್ಚ್ ಹಿಡಿದು ಓಡಿದರೆ ನೀರು ಮೊಣಕಾಲುದ್ದವೂ ಇಲ್ಲ. ಅದರ ಮೇಲೆ ಹಾಸಿಗೆಯಷ್ಟು ದಪ್ಪನೆಯ ಬಿಳಿ ನೊರೆ. ಏಳು ಜನರಲ್ಲಿ ಇಬ್ಬರು ಇನ್ನೂ ಮಾತಾಡಿಸುತ್ತಿಲ್ಲ.

ಸೇತುವೆಯಡಿ ಸೆನ್ಸರ್ ಕೂರಿಸಿದ್ದು, ಬ್ಯಾಟರಿ, ಸಿಮ್, ಸೋಲಾರ್ ಫಲಕ ಎಲ್ಲ ಹಿಂದಿನ ತಿಂಗಳುಗಳ ಪುರಾಣ, ಬಿಡಿ. ‘ಒಂದು ಹನಿ ಹೋಗುವುದಿಲ್ಲ ಸಾರ್’ ಎಂದು ಎಸ್.ಪಿ. ರಸ್ತೆಯ ಅಂಗಡಿಯಾತ ಕೊಟ್ಟ ಡಬ್ಬಿಯೊಳಗೆ ಮೊದಲ ಮಳೆಗೇ ಎರಡು ಚಮಚ ನೀರು. ಅವನು ಸುಳ್ಳು ಹೇಳಿರಲಿಲ್ಲ, ಒಂದು ಹನಿ ಹೋಗಿರಲಿಲ್ಲ.

ನೊರೆಗೆ ಬರುತ್ತೇನೆ. ನಮ್ಮದು ಬೆಳ್ಳಂದೂರು ಕೆರೆಗೆ ಹೋಗುವ ನೀರು. ಅಲ್ಲಿಂದ ವರ್ತೂರು, ಮುಂದೆ ದಕ್ಷಿಣ ಪಿನಾಕಿನಿ. ಬಟ್ಟೆ ಒಗೆದ ಸೋಪಿನ ನೀರು ಕೊಳಚೆಯೊಂದಿಗೆ ಬಂದು, ಸೇತುವೆಗೆ ಸ್ವಲ್ಪ ಮೊದಲು ಮೂರಡಿ ಧುಮುಕಿ, ಮಜ್ಜಿಗೆ ಕಡೆದಂತೆ ಬುರುಗೇಳುತ್ತದೆ. ಸೆನ್ಸರ್ ಕೆಳಕ್ಕೆ ಶಬ್ದ ಬಿಟ್ಟು, ಅದು ನೀರಿಗೆ ತಾಗಿ ಮರಳುವ ಹೊತ್ತಿನಿಂದ ಅಂತರ ಅಳೆಯುತ್ತದೆ. ಆ ಶಬ್ದ ನೊರೆಯೊಳಗೆ ಹೊಕ್ಕರೆ ಮರಳುವುದಿಲ್ಲ, ಹತ್ತಿಯ ಮೂಟೆಗೆ ಕೂಗಿದ ಹಾಗೆ. ಪ್ರತಿಧ್ವನಿ ಸಿಗದಾಗ ನನ್ನ ಅಗ್ಗದ ಸೆನ್ಸರ್ ‘ಗೊತ್ತಾಗಲಿಲ್ಲ’ ಎನ್ನಬಾರದೇ? ತನಗೆ ಅಳೆಯಲಾಗುವ ಕನಿಷ್ಠ ಅಂತರ, ಇಪ್ಪತ್ತು ಚಿಲ್ಲರೆ ಸೆಂಟಿಮೀಟರನ್ನು ಹೇಳಿ ಕೈತೊಳೆದುಕೊಳ್ಳುತ್ತದೆ. ಅಂದರೆ ನೀರು ಸೇತುವೆಗೆ ಬಡಿಯುತ್ತಿದೆ ಎಂದರ್ಥ. ಹತ್ತು ಅಳತೆ ತೆಗೆದು ನಡುವಿನದನ್ನು ಆರಿಸುವ ಉಪಾಯ ಮಾಡಿದೆ. ನಾಲ್ಕು ತಾಸು ನಿಲ್ಲುವ ನೊರೆಯ ಮುಂದೆ ಹತ್ತಕ್ಕೆ ಹತ್ತೂ ಸುಳ್ಳೇ.

ಕೊನೆಗೆ ಹಳೆಯ ವಿದ್ಯೆಗೆ ಶರಣಾದೆ: ಕಾಲುವೆಯೊಳಗೆ ಒಂದು ಕೊಳವೆ ನಿಲ್ಲಿಸಿ, ಬುಡದಲ್ಲಷ್ಟೇ ತೂತು ಕೊರೆದು, ಮೇಲಿಂದ ಅಳೆಯುವುದು. ನೀರು ಒಳಗೂ ಅಷ್ಟೇ ಏರುತ್ತದೆ, ನೊರೆ ಹೊರಗೆ ತೇಲುತ್ತದೆ. ನಾಲ್ಕು ಇಂಚಿನ ಎರಡು ತುಂಡು ಪಿವಿಸಿ ಪೈಪನ್ನು ಕಪ್ಲಿಂಗ್ ಹಾಕಿ ಜೋಡಿಸಿದೆ. ನೀರು ಎಷ್ಟೇ ಇರಲಿ, ಯಂತ್ರ 91 ಸೆಂಟಿಮೀಟರ್ ಎಂದೇ ಹಟ ಹಿಡಿಯಿತು. ಮೂರು ದಿನ ಕೋಡ್ ಬೈದ ಮೇಲೆ ಟೇಪ್ ಹಿಡಿದು ನೋಡಿದರೆ ಸರಿಯಾಗಿ ಅಲ್ಲಿಯೇ ಕಪ್ಲಿಂಗ್! ಒಳಗಿನ ಅಂಚಿಗೆ ಶಬ್ದ ತಾಗಿ ವಾಪಸ್ಸು ಬರುತ್ತಿತ್ತು. ಈಗ ಆರು ಇಂಚಿನ ಒಂದೇ ಪೈಪು, ಹತ್ತಡಿಯದು, ತೂತುಗಳ ಸಿಬುರನ್ನೆಲ್ಲ ಉಪ್ಪುಕಾಗದದಿಂದ ಉಜ್ಜಿದ್ದೇನೆ. ಅದನ್ನು ತಂದ ಆಟೋದವರಿಗೆ ಪೈಪಿನ ಅರ್ಧ ಬೆಲೆ ತೆತ್ತೆ.

ಹನ್ನೊಂದು ದಿನದಿಂದ ಒಂದೂ ಸುಳ್ಳಿಲ್ಲ. ಮೊನ್ನೆಯ ಮಳೆಗೆ 14 ನಿಮಿಷದಲ್ಲಿ 70 ಸೆಂಟಿಮೀಟರ್ ಏರಿ, ಒಂದು ತಾಸಿನೊಳಗೆ ಇಳಿದುಹೋಯಿತು. ಎರಡು ಬದಿಯೂ ತಳವೂ ಕಾಂಕ್ರೀಟಾದ ಕಾಲುವೆ ಹೀಗೆಯೇ: ಇಂಗಲು ಮಣ್ಣಿಲ್ಲ, ತಡೆಯಲು ಜೊಂಡಿಲ್ಲ. ಬೆಂಗಳೂರಿನ ಮಹಾಯೋಜನೆ 2015ರ ಪ್ರಕಾರ ಇಂಥ ದ್ವಿತೀಯ ಹಂತದ ರಾಜಕಾಲುವೆಯ ನಡುಗೆರೆಯಿಂದ 25 ಮೀಟರ್ ಬಯಲಿರಬೇಕಿತ್ತು. 2016ರಲ್ಲಿ ಹಸಿರು ನ್ಯಾಯಮಂಡಳಿ ಅದನ್ನು 35 ಮಾಡಿತು, 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ರದ್ದುಮಾಡಿತು. ನನ್ನ ಟೇಪಿಗೆ ಇದಾವುದೂ ಗೊತ್ತಿಲ್ಲ, ಅಪಾರ್ಟ್‌ಮೆಂಟಿನ ಗೋಡೆಗೆ 4 ಮೀಟರ್ ತೋರಿಸುತ್ತದೆ.

ಇನ್ನೂರು ಮೀಟರ್ ಕೆಳಗೆ ಮಣ್ಣಿನ ದಡ ಒಂದಿಷ್ಟು ಉಳಿದಿದೆ. ಅದಕ್ಕೂ ಕಾಂಕ್ರೀಟ್ ಬರುತ್ತದೆಂಬ ಸುದ್ದಿ. ಅದಕ್ಕೆ ಮೊದಲು ಎರಡನೇ ಕೊಳವೆ ಅಲ್ಲಿ ನಿಲ್ಲಿಸಿ, ಒಂದೇ ಮಳೆಗೆ ಎರಡೂ ಕಡೆಯ ನೀರಿನ ಏರಿಳಿತದ ಗೆರೆ ಪಕ್ಕಪಕ್ಕ ಇಟ್ಟು ನೋಡಬೇಕು. (ಆಮೇಲೆ ಕಪ್ಪೆಗಳ ದನಿ ಹಿಡಿಯುವ ರೆಕಾರ್ಡರ್. ಮೈಕು ಬಂದಾಗಿದೆ. ಕೂಗುವುದು ಹೆಚ್ಚಾಗಿ ಗಂಡುಗಳೇ, ಹಾಗಾಗಿ ಗಣತಿ ಅರೆಬರೆ, ಆದರೂ ಸರಿ.)

ಭಾನುವಾರ ಪೈಪು ಹೊತ್ತು ಹೋದೆ. ಕ್ಲಾಂಪ್ ಬಡಿಯಬೇಕಿದ್ದ ಜಾಗದಲ್ಲೇ ಮುಷ್ಟಿಯಗಲದ ಬಿಲ, ಕೆಳಗೆ ಸುಣ್ಣ ಸೋರಿದಂತೆ ಹಿಕ್ಕೆ. ಗದ್ದೆ ಮಿಂಚುಳ್ಳಿಯೊಂದು ಓತಿಕೇತವನ್ನು ಕೇಬಲ್ಲಿಗೆ ನಾಲ್ಕು ಸಲ ಬಡಿದು, ನನ್ನನ್ನು ಓರೆಯಾಗಿ ನೋಡಿ, ಬಿಲದೊಳಗೆ ನುಗ್ಗಿತು. ಒಳಗಿನಿಂದ ಮರಿಗಳ ಗೊರಗೊರ. ಪೈಪು ವಾಪಸ್ಸು ತಂದೆ. ಈಗ ಬಾಲ್ಕನಿಯಲ್ಲಿದೆ, ಅಮ್ಮ ಅದರ ಮೇಲೆ ಟವೆಲ್ ಒಣಹಾಕುತ್ತಿದ್ದಾರೆ.