ಅರ್ಥಧಾರಿಯ ದನಿ ಮತ್ತು 94 ಹರ್ಟ್ಜ್

ಮೊನ್ನೆ ರಾತ್ರಿ ಹತ್ತೂವರೆಗೆ ನನ್ನ ಸ್ಪೀಕರಿನ ಮಾತಿಗೆ ಅಂಟಿದ್ದ ಆ ಗುಂಯ್ ಎನ್ನುವುದು ಹೋಯಿತು. ಎರಡು ತಿಂಗಳು ಕಾಡಿತ್ತು. ಖುಷಿಗೆ ನಿದ್ದೆ ಬರಲಿಲ್ಲ. ನೆನಪು ಹಸಿಯಿರುವಾಗಲೇ ಬರೆದಿಡುತ್ತೇನೆ.

ಆಂಪ್ಲಿಫೈಯರ್, ವೈರು, ಸ್ಟ್ಯಾಂಡು ಇವುಗಳ ವಿವರ ಇಲ್ಲಿ ಬೇಡ, ಬಿಡುತ್ತೇನೆ. ನಾನು ಕೇಳುವುದು ಏನು ಅಂತ ಮಾತ್ರ ಮೊದಲೇ ಹೇಳಬೇಕು. ಮುಕ್ಕಾಲು ಪಾಲು ತಾಳಮದ್ದಲೆ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಉಳಿದದ್ದು ಬಡಗುತಿಟ್ಟಿನ ಯಕ್ಷಗಾನ ಆಟ, ಅದರಲ್ಲೂ ನೆಬ್ಬೂರು ನಾರಾಯಣ ಭಾಗವತರ ಪದ. ರಾತ್ರಿ ಊಟದ ಮೇಲೆ ಹಾಸಣಗಿ ಗಣಪತಿ ಭಟ್ಟರ ಹಿಂದೂಸ್ತಾನಿ ಗಾಯನ. ಅಂದರೆ ನನಗೆ ಬೇಕಾದದ್ದು ಗಂಡು ದನಿ, ಅದೂ ಎದುರಿಗೆ ಕೂತು ಮಾತಾಡಿದ ಹಾಗೆ. ಬೇರೆ ಏನು ಕಮ್ಮಿಯಾದರೂ ನಡೆಯುತ್ತದೆ.

ಹುಬ್ಬಳ್ಳಿಯ ಅಂಗಡಿಯವರಿಗೆ ಇದನ್ನೇ ಹೇಳಿದ್ದೆ. ಪೆನ್ ಡ್ರೈವಿನಲ್ಲಿ ತಾಳಮದ್ದಲೆ ಹಾಕಿಕೊಂಡೇ ಹೋಗಿದ್ದೆ. ಅವರು ಅದನ್ನು ಮುಟ್ಟಲೇ ಇಲ್ಲ. ತಮ್ಮದೇ ಡೆಮೊ ಹಾಡು ಹಾಕಿ, ಎದೆಗೆ ಗುದ್ದುವ ಬೇಸ್ ತೋರಿಸಿ, "ಹೆಂಗೈತ್ರಿ ಸರ್?" ಅಂದರು. ಚೆನ್ನಾಗಿಯೇ ಇತ್ತು. ಆದರೆ ನಾನು ಕೇಳುವುದು ಅದಲ್ಲವಲ್ಲ! ಸ್ಪೀಕರ್ ಕೊಳ್ಳುವವನ ಹಾಡು ಹಾಕದೆ ಸ್ಪೀಕರ್ ಮಾರುವುದು, ಕಾಲಿನ ಅಳತೆ ನೋಡದೆ ಚಪ್ಪಲಿ ಕೊಟ್ಟ ಹಾಗೆ. ಈ ವಿಷಯದಲ್ಲಿ ನನಗೆ ನಿಜಕ್ಕೂ ಸಿಟ್ಟಿದೆ.

ಕೊನೆಗೆ ಸೆಕೆಂಡ್ ಹ್ಯಾಂಡ್ ಟವರ್ ಸ್ಪೀಕರ್ ಜೋಡಿ ಸಿಕ್ಕಿತು. ಒಂದೊಂದರಲ್ಲಿ ತಗ್ಗು ಸ್ವರದ ಎರಡು ವೂಫರು, ಹಿಂದೆ ಪೋರ್ಟು, ಅಂದರೆ ಬೇಸ್ ಹೆಚ್ಚಿಸುವ ತೂತು. ಶಿರಸಿಗೆ ತಂದು ಜಗುಲಿ ಪಕ್ಕದ ಕೋಣೆಯಲ್ಲಿ ಇಟ್ಟೆ. ಚಂಡೆ ಅದ್ಭುತ. ತಾಳದ ಕಿಣಿ ಗಾಳಿಯಲ್ಲಿ ನಿಲ್ಲುತ್ತಿತ್ತು. ಅರ್ಥಧಾರಿ (ತಾಳಮದ್ದಲೆಯಲ್ಲಿ ಪಾತ್ರದ ಮಾತಾಡುವವರು) ಬಾಯಿ ಬಿಟ್ಟರೆ ಮಾತ್ರ ಹಂಡೆಯೊಳಗೆ ತಲೆ ಹಾಕಿ ಮಾತಾಡಿದ ಹಾಗೆ. ಅದೂ ಎಲ್ಲ ಮಾತಿಗೂ ಅಲ್ಲ. ದನಿ ಕೆಳಗಿಳಿಸಿ "ಎಲೈ ಕೃಷ್ಣಾ" ಅಂದಾಗ ಆ "ಕೃಷ್ಣಾ" ಊದಿಕೊಳ್ಳುತ್ತಿತ್ತು. ದನಿ ಏರಿಸಿದರೆ ಸರಿ.

ಪೋರ್ಟಿಗೆ ಕಾಲುಚೀಲ ತುರುಕಿದೆ. ಸ್ವಲ್ಪ ಕಮ್ಮಿಯಾಯಿತು, ಹೋಗಲಿಲ್ಲ. ಗೋಡೆಯಿಂದ ಒಂದು ಅಡಿ ಮುಂದೆ ಎಳೆದೆ. ಮೂಲೆಯಲ್ಲಿ ಹತ್ತಿ ಹಾಸಿಗೆ ಸುತ್ತಿ ನಿಲ್ಲಿಸಿದೆ. ಗೋಡೆಗೆ ಕಂಬಳಿ ಹೊದೆಸಿದೆ. ಕಂಬಳಿಯಿಂದ ಚಂಡೆಯ ಹೊಳಪು ಸತ್ತಿತೇ ವಿನಾ ಗುಂಯ್ ಅಲ್ಲೇ ಇತ್ತು. ಕಾರವಾರದ ಗೆಳೆಯ ತನ್ನ ಆರೂವರೆ ಇಂಚಿನ ವೂಫರಿನ ಬುಕ್‌ಶೆಲ್ಫ್ (ಸಣ್ಣ ಪೆಟ್ಟಿಗೆಯ) ಸ್ಪೀಕರ್ ಜೋಡಿ ಕೊಟ್ಟ. (ಅವನ ಹಳೇ ಜೋಡಿಯಲ್ಲಿ ವೂಫರಿನ ಸುತ್ತಲಿನ ಫೋಮ್ ಅಂಚು ಸಮುದ್ರದ ಗಾಳಿಗೆ ಪುಡಿಯಾಗಿ ಉದುರಿತ್ತು. ಕರಾವಳಿಯವರು ದಯವಿಟ್ಟು ರಬ್ಬರ್ ಅಂಚಿನದ್ದೇ ತಗೊಳ್ಳಿ.) ಅದರಲ್ಲೂ ಅದೇ "ಕೃಷ್ಣಾ", ಅದೇ ಊತ! ಎರಡು ಬೇರೆ ಬೇರೆ ಸ್ಪೀಕರಿನಲ್ಲಿ ಒಂದೇ ರೋಗ ಅಂದರೆ ರೋಗ ಸ್ಪೀಕರಿನದ್ದಲ್ಲ ಅಲ್ವಾ?

ಆಗ ಟೇಪ್ ಹಿಡಿದು ಕೋಣೆ ಅಳೆದೆ. ಹನ್ನೆರಡು ಅಡಿ ಉದ್ದ, ಹನ್ನೆರಡು ಅಡಿ ಅಗಲ. ಸರಿಯಾದ ಚೌಕ. ಚಿರೆಕಲ್ಲಿನ ದಪ್ಪ ಗೋಡೆ, ಗಾರೆ ನೆಲ. ಶಬ್ದ ಎಲ್ಲೂ ಸೋರುವುದಿಲ್ಲ. ಶಬ್ದದ ವೇಗ ಸೆಕೆಂಡಿಗೆ ಸುಮಾರು 1130 ಅಡಿ. ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ, ಅಂದರೆ 24ರಿಂದ ಭಾಗಿಸಿದರೆ 47 ಹರ್ಟ್ಜ್, ಅಂದರೆ ಸೆಕೆಂಡಿಗೆ 47 ಕಂಪನ. ಅದು ಕೋಣೆಯ ಮೊದಲ ಅನುರಣನೆ, ಅಂದರೆ ಗೋಡೆಗಳ ನಡುವೆ ಶಬ್ದ ಊದಿಕೊಳ್ಳುವ ಸ್ವರ. ಎರಡನೆಯದು ಅದರ ದುಪ್ಪಟ್ಟು, 94. ಚೌಕ ಕೋಣೆ ಆದ್ದರಿಂದ ಉದ್ದದ್ದೂ ಅಗಲದ್ದೂ ಒಂದೇ ಕಡೆ ಬಂದು ಬೀಳುತ್ತವೆ. ಗಂಡಸರ ಮಾತಿನ ಮೂಲ ಸ್ವರ ಹೆಚ್ಚುಕಮ್ಮಿ 85ರಿಂದ 180ರ ನಡುವೆ. ದನಿ ಕೆಳಗಿಳಿದ "ಕೃಷ್ಣಾ" ಸರಿಯಾಗಿ 94ರ ಮೇಲೆ ಕೂತಿತ್ತು. ಕಂಬಳಿ ಯಾಕೆ ಸೋತಿತು ಅಂತಲೂ ಗೊತ್ತಾಯಿತು. 94 ಹರ್ಟ್ಜಿನ ಅಲೆಯ ಉದ್ದವೇ ಹನ್ನೆರಡು ಅಡಿ. ಅದಕ್ಕೆ ಒಂದು ಇಂಚಿನ ಕಂಬಳಿ ಯಾವ ಲೆಕ್ಕ?

ಲೆಕ್ಕ ಸರಿಯೋ ಅಂತ ನೋಡಲು ಫೋನಿನಿಂದ 94ರ ಒಂದೇ ಸ್ವರ ಹಚ್ಚಿ, ಕೋಣೆಯಲ್ಲಿ ಮೆಲ್ಲಗೆ ನಡೆದೆ. ಗೋಡೆ ಹತ್ತಿರ ಕಿವಿ ತುಂಬುವಷ್ಟು. ಒಂದೊಂದೇ ಹೆಜ್ಜೆ ಹಿಂದೆ ಸರಿದೆ. ಗೋಡೆಯಿಂದ ಮೂರು ಅಡಿಗೆ ಬಂದಾಗ ಯಾರೋ ಸ್ವಿಚ್ ಆರಿಸಿದ ಹಾಗೆ ಸ್ವರವೇ ಮಾಯ! ತಲೆ ಅರ್ಧ ಅಡಿ ಆಚೆ ಹಾಕಿದರೆ ಮತ್ತೆ ಬರುತ್ತದೆ. ನಡುಮಧ್ಯಕ್ಕೆ ಬಂದರೆ ಗೋಡೆ ಹತ್ತಿರದಷ್ಟೇ ಜೋರು. ನನ್ನ ಕುರ್ಚಿ ಇದ್ದದ್ದು ಆ ನಡುಮಧ್ಯದಲ್ಲಿ. ಕುತ್ತಿಗೆ ಚಾಚಿ ಹಿಂದೆ ಮುಂದೆ ಓಲಾಡುವುದನ್ನು ಬಾಗಿಲಲ್ಲಿ ನಿಂತು ನೋಡಿದ ಆಯಿ (ತಾಯಿ) ಕೇಳಿದಳು: "ಎಂತ ಹುಡುಕ್ತಾ ಇದ್ಯೋ ತಮಾ?" ಅವಳನ್ನೂ ಕರೆದು ಮೂರು ಅಡಿಯ ಜಾಗದಲ್ಲಿ ನಿಲ್ಲಿಸಿದೆ. ಸ್ವರ ಹೋದದ್ದು ಅವಳಿಗೂ ಗೊತ್ತಾಯಿತು. ನಾಲ್ಕು ಸಲ ಆಚೆ ಈಚೆ ಮಾಡಿ ಕೇಳಿದಳು.

ಆಮೇಲಿನದ್ದು ಸುಲಭ. ಎರಡೂ ಸ್ಪೀಕರನ್ನು ಎದುರು ಗೋಡೆಯಿಂದ ಮೂರು ಅಡಿ, ಪಕ್ಕದ ಗೋಡೆಯಿಂದಲೂ ಮೂರು ಅಡಿ ಇಟ್ಟೆ. ಸ್ವರ ಕೇಳದ ಜಾಗದಲ್ಲಿ ಸ್ಪೀಕರ್ ಇಟ್ಟರೆ ಅದು ಆ ಅನುರಣನೆಯನ್ನು ಎಬ್ಬಿಸುವುದೂ ಇಲ್ಲ. ಕುರ್ಚಿ ಹಿಂದಿನ ಗೋಡೆಯಿಂದ ಮೂರು ಅಡಿ. ಸ್ಪೀಕರ್‌ಗಳ ನಡುವೆ ಆರು ಅಡಿ, ನನ್ನ ಮುಂದೆ ಆರು ಅಡಿ. ಅದೇ ತಾಳಮದ್ದಲೆ ಹಾಕಿದೆ. "ಎಲೈ ಕೃಷ್ಣಾ." ಹಂಡೆ ಇಲ್ಲ! ಮಾತಿಗೆ ಮುಂಚೆ ಎಳೆದ ಉಸಿರು, ಭಾಗವತರು ಪ್ರಸಂಗ ಪುಸ್ತಕದ ಹಾಳೆ ಮಗುಚಿದ್ದು, ಎಲ್ಲ ಬಂತು.

ಹೀಗಾದ ಮೇಲೇ ಎರಡು ಜೋಡಿಯನ್ನು ನ್ಯಾಯವಾಗಿ ಹೋಲಿಸಲು ಆಯಿತು. ಬುಕ್‌ಶೆಲ್ಫ್ ಗೆದ್ದಿತು, ಪೋರ್ಟಿನಲ್ಲಿ ಕಾಲುಚೀಲ ಇಟ್ಟೇ. ಆಟದ ರೆಕಾರ್ಡಿಂಗಿನಲ್ಲಿ ವೇಷದವರು ಹಲಗೆ ಮೇಲೆ ಕಾಲು ಅಪ್ಪಳಿಸಿದರೆ ಟವರು 47ನ್ನು ಕೆದಕುತ್ತಿತ್ತು, ಇದು ಅಷ್ಟು ಕೆಳಗೆ ಇಳಿಯುವುದೇ ಇಲ್ಲ. ಬಿಬಿಸಿಯವರು 1970ರ ದಶಕದಲ್ಲಿ ಹೊರಾಂಗಣ ಪ್ರಸಾರದ ವ್ಯಾನಿಗಾಗಿ ಮಾಡಿಸಿದ ಎಲ್‌ಎಸ್‌3/5ಎ ಸ್ಪೀಕರ್ ನೆನಪಾಯಿತು. ಪೋರ್ಟಿಲ್ಲದ ಪುಟ್ಟ ಪೆಟ್ಟಿಗೆ. ಇಕ್ಕಟ್ಟಿನ ಜಾಗದಲ್ಲಿ ಮಾತು ಸ್ಪಷ್ಟ ಕೇಳಬೇಕಿತ್ತು. ಅವರ ವ್ಯಾನು, ನನ್ನ ಚೌಕ ಕೋಣೆ, ಕಷ್ಟ ಒಂದೇ.

ಹಾಗಾಗಿ ಮುಂದಿನ ಕೆಲಸ ನಿಶ್ಚಯ: ನನ್ನದೇ ಸೀಲ್ (ಪೋರ್ಟಿಲ್ಲದ) ಪೆಟ್ಟಿಗೆ, 18 ಎಂಎಂ ಮರೈನ್ ಪ್ಲೈನಲ್ಲಿ. ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆ, ನಮ್ಮ ಮಳೆಗೆ ಊದುತ್ತದೆ. ವೂಫರು ಬಂದಾಗಿದೆ, ಆದರೆ ಒಂದು 8 ಓಮ್, ಇನ್ನೊಂದು 4! ಎರಡಕ್ಕೂ 8 ಅಂತಲೇ ಚೀಟಿ. ಮಲ್ಟಿಮೀಟರ್ ಹಿಡಿದರೆ ಒಂದು 6.1, ಇನ್ನೊಂದು 3.3 ತೋರಿಸಿತು (ಮೀಟರಿನಲ್ಲಿ ಯಾವಾಗಲೂ ಚೀಟಿಗಿಂತ ಸ್ವಲ್ಪ ಕಮ್ಮಿಯೇ ಬರುತ್ತದೆ). ಕಳಿಸಿದವರು ಹತ್ತು ದಿನದಿಂದ "ನಾಳೆ" ಅನ್ನುತ್ತಿದ್ದಾರೆ. ಬಂದ ದಿನವೇ ಮೀಟರ್ ಹಿಡಿಯಿರಿ, ಬೆಸುಗೆ ಹಾಕಿದ ಮೇಲೆ ವಾಪಸ್ ತಗೊಳ್ಳುವುದಿಲ್ಲ.

ಅದಕ್ಕೂ ಮೊದಲು ಅಪ್ಪಯ್ಯನ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಹಾಕಬೇಕು. ನಲವತ್ತಕ್ಕೆ ಬೂಷ್ಟು ಹಿಡಿದಿದೆ. ಒಂದೊಂದು ಕ್ಯಾಸೆಟ್ಟಿಗೂ ಟೇಪ್ ಓದುವ ಹೆಡ್ಡಿನ ಪಕ್ಕದ ಸ್ಕ್ರೂ ತಿರುಗಿಸಿ ತಾಳದ ಕಿಣಿ ಎಲ್ಲಿ ಚುರುಕಾಗುತ್ತದೆ ನೋಡಬೇಕು. ಕೇಳಿ ತಿಳಿಯಲು ಈಗ ಒಳ್ಳೇ ಸ್ಪೀಕರ್ ಇದೆ.

ಬಾಕಿ ಇರುವುದು ಒಂದೇ ತಕರಾರು. ಎಡಗಡೆ ಸ್ಪೀಕರ್ ನಿಂತ ಜಾಗದ ಮೇಲೇ ಮಳೆಗಾಲದಲ್ಲಿ ಬಟ್ಟೆ ಒಣಗಿಸುವ ಹಗ್ಗ. ಆಯಿ ಹತ್ತಿರ ಮಾತಾಡಿದ್ದೇನೆ. ಹಗ್ಗ ಎರಡು ಅಡಿ ಆಚೆ ಹೋಗುತ್ತದೆ. ಅದಕ್ಕೆ ಬದಲಾಗಿ ದಿನಾ ಸಂಜೆ ಅವಳು ಹೇಳಿದ ಪ್ರಸಂಗ ಹಾಕಬೇಕು.