ಹತ್ತಿ ಇಳಿಯುವಷ್ಟರ ವಿಮಾನ

ಬೆಂಗಳೂರು ವಿಮಾನ ನಿಲ್ದಾಣದ ರನ್‌ವೇ 4 ಕಿಲೋಮೀಟರ್ ಉದ್ದ. ಸ್ಕಾಟ್‌ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೆಯಿಂದ ಪಾಪಾ ವೆಸ್ಟ್ರೆಗೆ ವಿಮಾನ ಹಾರುವ ದೂರ ಬರೀ 2.7 ಕಿಲೋಮೀಟರ್! ದಿನನಿತ್ಯದ ವಿಮಾನ ಸೇವೆಗಳಲ್ಲಿ ಜಗತ್ತಿನಲ್ಲೇ ಅತಿ ಚಿಕ್ಕದು ಇದು. 1967ರಿಂದ ನಡೆಯುತ್ತಿದೆ. ವೇಳಾಪಟ್ಟಿಯಲ್ಲಿ ಕೊಟ್ಟಿರುವ ಸಮಯ 2 ನಿಮಿಷ. ಗಾಳಿ ಒದಗಿ ಬಂದಾಗ ಒಮ್ಮೆ 53 ಸೆಕೆಂಡಿಗೇ ಮುಟ್ಟಿದ್ದೂ ಇದೆ.

ಅಪ್ಪ ಅಬರ್ಡೀನ್‌ಗೆ ಬಂದಿದ್ದಾಗ ಅವರನ್ನೂ ಕರೆದುಕೊಂಡು ಹೋಗಿದ್ದೆ. ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರ್ ಆಗಿದ್ದವರು. ಕೋಟೆ, ಚರ್ಚು ಯಾವುದೂ ಅವರಿಗೆ ಹಿಡಿಸಿರಲಿಲ್ಲ. ಇದಕ್ಕೆ ಮಾತ್ರ ತಕ್ಷಣ ಒಪ್ಪಿದರು.

ಆರ್ಕ್ನಿಯ ಮುಖ್ಯ ಊರಾದ ಕರ್ಕ್‌ವಾಲ್‌ನಲ್ಲಿ ಹತ್ತಿದೆವು. ಐಲ್ಯಾಂಡರ್ ಅನ್ನೋ ಪುಟ್ಟ ವಿಮಾನ, ಎರಡು ಎಂಜಿನ್. ಪೈಲಟ್ ಒಬ್ಬರೇ, ಜೊತೆಗೆ ಎಂಟು ಜನ ಹಿಡಿಸುತ್ತಾರೆ. ನಡುವೆ ಓಡಾಡಲು ಜಾಗವೇ ಇಲ್ಲ, ಪಕ್ಕದ ಬಾಗಿಲಿಂದ ನೇರ ಸೀಟಿಗೇ ಹತ್ತಬೇಕು. ಪೈಲಟ್ ಹಿಂದೆ ಪರದೆ ಗಿರದೆ ಏನೂ ಇಲ್ಲ. ಅಪ್ಪನಿಗೆ ಅವರ ಹಿಂದಿನ ಸೀಟೇ ಸಿಕ್ಕಿತು. ಕಿಟಕಿ ಕಡೆ ತಿರುಗಿಯೂ ನೋಡದೆ ಪೈಲಟ್‌ನ ಕೈಯನ್ನೇ ನೋಡುತ್ತಾ ಕೂತರು.

ವೆಸ್ಟ್ರೆಯಲ್ಲಿ ಕೆಲವರು ಇಳಿದರು. ನಮ್ಮ ಪಕ್ಕದಲ್ಲಿದ್ದ ಹೆಂಗಸು ಪಾಪಾ ವೆಸ್ಟ್ರೆಯ ಶಾಲೆಗೆ ಪಾಠ ಮಾಡಲು ಹೊರಟಿದ್ದರು. ನಾವೆಲ್ಲ ಫೋನ್ ಎತ್ತಿಕೊಂಡು ವಿಡಿಯೋ ಮಾಡುತ್ತಿದ್ದರೆ ಅವರು ಆರಾಮಾಗಿ ಚೀಲದಲ್ಲಿ ಏನೋ ಹುಡುಕುತ್ತಿದ್ದರು. ವಿಮಾನ ಎದ್ದಿತು. ಕೆಳಗೆ ಹಸಿರು ಗದ್ದೆ, ಒಂದು ಚೂರು ಸಮುದ್ರ, ಮತ್ತೆ ಹಸಿರು. ಮೇಲೇರಿದ್ದು ಮುಗಿಯಿತು ಅನ್ನುವಷ್ಟರಲ್ಲೇ ಎಂಜಿನ್ ಸದ್ದು ತಗ್ಗಿತು. ಟೀಚರಮ್ಮ ಚೀಲ ಮುಚ್ಚುವುದಕ್ಕೂ ಚಕ್ರ ನೆಲ ಮುಟ್ಟುವುದಕ್ಕೂ ಸರಿಹೋಯಿತು.

“ಟಾಪ್ ಗೇರ್‌ಗೆ ಹೋಗೋಕೇ ಬಿಡಲಿಲ್ಲವಲ್ಲೇ! ಪಕ್ಕಾ ಸಿಟಿ ಬಸ್ಸು ಇದು,” ಅಂದರು ಅಪ್ಪ.

ದೂರ ಗೊತ್ತಿದ್ದರೆ ಸಮಯ ಲೆಕ್ಕ ಹಾಕೋದು ಸುಲಭ ಅಂತ ನಾವು ಅಂದುಕೊಳ್ಳುತ್ತೇವೆ. ಇಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಗಾಳಿ ಎದುರಿಗಿದ್ದರೆ ನಿಧಾನ, ಹಿಂದಿದ್ದರೆ ಬೇಗ. ಜೊತೆಗೆ, ಏಳುವುದೂ ಇಳಿಯುವುದೂ ಸಾಮಾನ್ಯವಾಗಿ ಗಾಳಿಗೆ ಎದುರಾಗಿಯೇ. ಅದಕ್ಕಾಗಿ ಒಂದು ಸುತ್ತು ಬಳಸಿದರೂ ಇಷ್ಟು ಚಿಕ್ಕ ದಾರಿಗೆ ಅದು ದೊಡ್ಡ ಪಾಲು. ಮಂಜು ಕವಿದರಂತೂ ಹಾರಾಟವೇ ಇಲ್ಲ.

ಪಾಪಾ ವೆಸ್ಟ್ರೆಯಲ್ಲಿ ಇರುವವರು ಸುಮಾರು ತೊಂಬತ್ತು ಜನ. ಅಷ್ಟು ಜನಕ್ಕೆ ಸೇತುವೆ ಯಾರು ಕಟ್ಟುತ್ತಾರೆ? ದೋಣಿ ಇದೆ, ಅರ್ಧ ಗಂಟೆ ಹತ್ತಿರ ಬೇಕು. ನಮ್ಮಂಥವರಿಗೆ ಈ ವಿಮಾನ ಮೋಜು. ಆ ಟೀಚರಮ್ಮನಿಗೆ ಡ್ಯೂಟಿ, ಊರಿನವರಿಗೆ ಡಾಕ್ಟರ ಹತ್ತಿರ ಹೋಗುವ ದಾರಿ. ಪ್ರವಾಸಿಗರಿಗಾಗಿ ಬಿಟ್ಟಿರೋ ಆಟಿಕೆ ಅಂತ ಕೆಲವರು ನಗುತ್ತಾರಲ್ಲ, ಅವರು ಒಮ್ಮೆ ಆ ಸೀಟಿನಲ್ಲಿ ಕೂರಬೇಕು.

ಇಳಿದ ಮೇಲೆ ಸಮುದ್ರದಂಚಿನ ನ್ಯಾಪ್ ಆಫ್ ಹೌವರ್‌ಗೆ ನಡೆದೆವು. ಐದು ಸಾವಿರ ವರ್ಷಕ್ಕೂ ಹಳೆಯ ಕಲ್ಲಿನ ಮನೆಗಳು. ತಗ್ಗು ಬಾಗಿಲಲ್ಲಿ ಬಗ್ಗಿ ಒಳಹೋದ ಅಪ್ಪ, ಅಲ್ಲೂ ಪೈಲಟ್‌ನ ಸಂಬಳ ಎಷ್ಟಿರಬಹುದು ಅಂತಲೇ ಕೇಳುತ್ತಿದ್ದರು.